ಓನರ್ ಆಂಟಿಯ ರಾಣಿ

ನಮ್ಮಣ್ಣನ ಬಾಯಿ ದೊಡ್ಡದು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಭಾನುವಾರ, ಎನ್.ಆರ್. ಕಾಲೋನಿಯ ನಮ್ಮ ಬಾಡಿಗೆ ಮನೆ ಗೇಟಿನ ಹೊರಗೇ ನಿಂತು, ಮಹಡಿಯಲ್ಲಿದ್ದ ನನಗೆ ಕೇಳಿಸಲಿ ಅಂತ ಅವನು ಕೂಗಿದ್ದು ಇಡೀ ಬೀದಿಗೆ ಕೇಳಿಸಿತು.

"ಗಂಡ ಹೆಂಡ್ತಿ ಥರ ಇದೀರಂತಲ್ಲ ಇಬ್ರೂ! ನಾಚ್ಕೆ ಆಗಲ್ವಾ? ನಿನ್ನ ಮದುವೆಗೇಂತ ಅಮ್ಮ ತೆಗೆದಿಟ್ಟಿದ್ದ ರಾಜ-ರಾಣಿ ಪಟ್ಟದ ಗೊಂಬೇನ ನನ್ನ ಮಗಳಿಗೆ ಕೊಡ್ತಿದೀವಿ, ತಿಳ್ಕೋ!"

ಅಲ್ಲೀವರೆಗೆ ಬೀದಿಯವರಿಗೆ ನಾವಿಬ್ಬರು ಬರೀ ಗೆಳತಿಯರು. ನಾನು ವಿಮಾ ಕಚೇರಿಯ ಗುಮಾಸ್ತೆ, ನನ್ನ ಜೊತೆಗಿದ್ದವಳು ಹೆಣ್ಣುಮಕ್ಕಳ ಸ್ಕೂಲಿನ ಪಿ.ಟಿ. ಟೀಚರು. ನಾನು ಕಿಟಕಿ ಹಿಂದೆ ಅಡಗಿ ನಿಂತಿದ್ದರೆ ಅವಳು ಆಗಲೇ ಚಪ್ಪಲಿ ಮೆಟ್ಟಿಕೊಂಡು ಜಗಳಕ್ಕೆ ಹೊರಟಿದ್ದಳು. ಅಷ್ಟರಲ್ಲಿ ಕೆಳಗಿನ ಮನೆಯ ಓನರ್ ಆಂಟಿ ಸೌಟು ಹಿಡಿದೇ ಹೊರಗೆ ಬಂದರು.

"ಹಬ್ಬ ಹತ್ರ ಬಂತು, ಬೀದೀಲಿ ಕೂಗಾಡಬೇಡಪ್ಪ. ಕಾಫಿ ಕುಡೀತೀಯಾ? ಬೇಡ್ವಾ? ಹಾಗಾದ್ರೆ ಹೊರಡು."

ಅಣ್ಣ ಸ್ಕೂಟರ್ ಒದ್ದು ಹೊರಟ. ಇನ್ನು ಮನೆ ಖಾಲಿ ಮಾಡಿ ಅಂತಾರೆ ಅಂದುಕೊಂಡು ನಾನು ಆವತ್ತೇ ಪಾತ್ರೆಗಳನ್ನ ಮೂಟೆ ಕಟ್ಟಿಟ್ಟೆ. ಯಾರೂ ಏನೂ ಅನ್ನಲಿಲ್ಲ, ಅದೇ ಇನ್ನೂ ಹೆದರಿಕೆ.

ನವರಾತ್ರಿಯ ಮೊದಲ ಸಂಜೆ ಮಹಡಿ ಮೆಟ್ಟಿಲ ಮೇಲೆ ದಡದಡ ಸದ್ದು. ಬಾಗಿಲು ತೆಗೆದರೆ ಓನರ್ ಆಂಟಿ, ಮೂರನೇ ಮನೆ ಅಜ್ಜಿ, ಅವರ ಹಿಂದೆ ಬೀದಿ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ನಿಂತಿದ್ದರು. ಅಜ್ಜಿಯ ಕೈಯಲ್ಲಿ ಒಂದು ರಕ್ತಚಂದನದ ರಾಣಿ. ಅದರ ಜೋಡಿ ರಾಜನನ್ನು ಎಂದೋ ಗೆದ್ದಲು ತಿಂದುಹಾಕಿತ್ತು. ಆಂಟಿಯ ಕೈಯಲ್ಲಿ ಇನ್ನೊಂದು ರಾಣಿ. ಅದು ಅವರ ಮದುವೆಯಲ್ಲಿ ಅವರಮ್ಮ ಕೊಟ್ಟ ಪಟ್ಟದ ಗೊಂಬೆ. ಅದರ ರಾಜ ಕೆಳಗೆ ಚೆನ್ನಾಗೇ ಇದ್ದ.

"ತಾಯಿ ಮನೆಯಿಂದ ಬರಬೇಕಾದ್ದು ಬರಲಿಲ್ಲ ಅಂದ್ರೆ ಬೀದಿಯಿಂದ ಬರುತ್ತೆ. ನಿಮಗೆ ರಾಜ ಯಾಕೆ, ಎರಡು ರಾಣಿ ತಗೊಳ್ಳಿ" ಅಂದರು ಆಂಟಿ. ನಮ್ಮಿಬ್ಬರನ್ನೂ ಮಣೆ ಮೇಲೆ ಅಕ್ಕಪಕ್ಕ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಹಾಡು ಹೇಳಿ ಆರತಿ ಎತ್ತಿದರು. ಯಾರಿಗೂ ಹೆದರದ ನನ್ನವಳು ಗಳಗಳ ಅತ್ತುಬಿಟ್ಟಳು. "ಅಯ್ಯೋ, ಹೆಣ್ಣು ಒಪ್ಪಿಸೋಕೆ ಮುಂಚೇನೇ ಅಳು ಶುರುವಾಯ್ತಲ್ಲೇ!" ಅಂತ ಅಜ್ಜಿ ಗೇಲಿ ಮಾಡಿದರು. ಮಂಚದ ಕೆಳಗಿನ ಮೂಟೆಯನ್ನು ಆ ರಾತ್ರಿ ಬಿಚ್ಚಿದೆ.

ಆದರೆ ಮಾರನೇ ದಿನ ಗೊಂಬೆ ನೋಡೋಕೆ ಆಂಟಿ ಮನೆಗೆ ಹೋದಾಗ ಹೊಸ್ತಿಲಲ್ಲೇ ನಿಂತುಬಿಟ್ಟೆ. ಎಲ್ಲಕ್ಕಿಂತ ಮೇಲಿನ ಗೊಂಬೆ ಮೆಟ್ಟಿಲಲ್ಲಿ ರಾಜ ಒಬ್ಬನೇ ನಿಂತಿದ್ದ. ಬಂದವರೆಲ್ಲ ರಾಣಿ ಎಲ್ಲಿ ಅಂತ ಕೇಳೋರೇ. "ಮಹಡಿಗೆ ಹೋಗಿದಾಳೆ" ಅಂತ ಆಂಟಿ ನಗ್ತಾ ಉಸಲಿ ಹಂಚುತ್ತಿದ್ದರು. ಅವರ ನಾದಿನಿ ಮಾತ್ರ ನಗಲಿಲ್ಲ. "ಜೋಡಿ ಒಡೀಬಾರದಿತ್ತು ಅತ್ತಿಗೆ" ಅಂದರು. ಓನರ್ ಅಂಕಲ್ ಪೇಪರ್ ಕೆಳಗಿಳಿಸಿ, "ನನ್ನ ರಾಣಿ ಇಲ್ಲೇ ಇದಾಳಲ್ಲ, ಬಿಡೇ" ಅಂದರು.

ಮುಂದಿನ ಮಳೆಗಾಲದಲ್ಲಿ ಅಂಕಲ್ ಬಚ್ಚಲಲ್ಲಿ ಕುಸಿದುಬಿದ್ದವರು ಮತ್ತೆ ಏಳಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಎಲೆ ಎತ್ತುತ್ತಿದ್ದಾಗ ನಾದಿನಿ ಅಡುಗೆಮನೆಯಲ್ಲಿ ಯಾರಿಗೋ ಹೇಳ್ತಿದ್ದರು, "ಜೋಡಿ ಗೊಂಬೆ ಒಡೆದು ಕೊಟ್ಟಳು, ನೋಡಿ ಏನಾಯ್ತು." ನಾನು ಶಕುನ, ಮುಹೂರ್ತ ಯಾವುದನ್ನೂ ನಂಬಿದವಳಲ್ಲ. ಆ ಮಾತನ್ನ ಮಾತ್ರ ಗಟ್ಟಿಯಾಗಿ ನಂಬಿದೆ. ನಮ್ಮಿಂದಲೇ ಆಗಿದ್ದು ಅನ್ನಿಸಿತು. ಆಂಟಿ ಎದುರಾದರೆ ತಲೆ ತಗ್ಗಿಸಿಕೊಂಡು ಹೋಗ್ತಿದ್ದೆ. ರಾಣಿಯನ್ನು ಟವೆಲ್ಲಿನಲ್ಲಿ ಸುತ್ತಿ ವಾಪಸ್ ಕೊಡೋಕೆ ಅಂತ ಎಷ್ಟೋ ಸಲ ಅರ್ಧ ಮೆಟ್ಟಿಲು ಇಳಿದು ಹಾಗೇ ಹತ್ತಿ ಬಂದಿದ್ದೇನೆ.

"ಹುಚ್ಚಾ ನಿಂಗೆ? ಅವರಿಗೆ ಬಿಪಿ ಇತ್ತು ಕಣೇ" ಅಂತ ಅವಳು ಬೈದಳು. ಮತ್ತೆ ದಸರೆ ಬಂತು. ಅಟ್ಟದಿಂದ ಗೊಂಬೆ ಟ್ರಂಕು ಇಳಿಸೋಕೆ ಅವಳು ಸ್ಟೂಲ್ ಹಾಕಿದರೆ ನಾನು ಸ್ಟೂಲ್ ಎಳೆದೆ. "ಕೆಳಗೆ ಸಾವಾಗಿದೆ. ಮೇಲೆ ನಾವು ಆ ರಾಣೀನ ಮೆರೆಸೋದಾ?" ಅಂದೆ. "ಬೀದಿಯೋರೆಲ್ಲ ನಮ್ಮನ್ನ ಒಪ್ಕೊಂಡ್ರು. ನೀನೇ ಇನ್ನೂ ಒಪ್ಪಿಲ್ಲ" ಅಂದಳು. ಆಮೇಲೆ ಎರಡು ದಿನ ಮಾತಿಲ್ಲ.

ಮೂರನೇ ಸಂಜೆ ಆಂಟಿ ಮೇಲೆ ಬಂದರು. ಮಂಡಿ ನೋವು ಅವರಿಗೆ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ಏದುಸಿರು ಬಿಡ್ತಾ ಬಾಗಿಲಲ್ಲಿ ನಿಂತರು. ಹಣೆಯಲ್ಲಿ ಕುಂಕುಮದ ಬದಲು ಸಣ್ಣ ಕಪ್ಪು ಸ್ಟಿಕ್ಕರ್. ಗೊಂಬೆ ಕೂರಿಸದ ಖಾಲಿ ಗೋಡೆ ನೋಡಿದರು.

"ಎಲ್ಲಿ?"

ನಾನು ಅಟ್ಟದ ಕಡೆ ನೋಡಿದೆ.

"ಒಂದು ವರ್ಷ ನಮ್ಮನೇಲಿ ಹಬ್ಬ ಇಲ್ಲ, ಗೊಂಬೆ ಕೂರಿಸೋ ಹಾಗಿಲ್ಲ. ಅಮ್ಮ ಕೊಟ್ಟಿದ್ದು, ಇಲ್ಲಾದ್ರೂ ನೋಡೋಣ ಅಂತ ಬಂದೆ ಕಣೇ."

"ಆಂಟಿ, ನಮ್ಮಿಂದಾನೇ ಅಂಕಲ್‌ಗೆ..." ಅಂತ ಬಿಕ್ಕಿದೆ. ಪೂರ್ತಿ ಹೇಳೋಕೂ ಬಿಡಲಿಲ್ಲ.

"ಮುಚ್ಚು ಬಾಯಿ! ನಾದಿನಿ ಅಂದಿದ್ದು ನನಗೆ ತಟ್ಟಲಿಲ್ಲ. ನಾನು ಮನಸಾರೆ ಕೊಟ್ಟಿದ್ದನ್ನ ನೀನು ಪಾಪ ಮಾಡ್ಬಿಟ್ಟೆಯಲ್ಲೇ, ಅದು ತಟ್ಟಿತು."

ಅವಳು ಆಗಲೇ ಸ್ಟೂಲ್ ಹತ್ತಿದ್ದಳು. ಟ್ರಂಕು ಇಳಿಸಿ, ಟವೆಲ್ ಬಿಚ್ಚಿದೆವು. ಆಂಟಿ ತಮ್ಮ ರಾಣಿಯನ್ನು ತೊಡೆ ಮೇಲೆ ಇಟ್ಟುಕೊಂಡು ಸೆರಗಿನ ತುದಿಯಿಂದ ಮುಖದ ಧೂಳು ಒರೆಸಿದರು. ಇಸಿದುಕೊಳ್ಳೋಕೆ ನಾನು ಕೈ ಚಾಚಿದೆ. ಆಂಟಿ ನನ್ನ ಕೈ ದಾಟಿಸಿ ಗೊಂಬೆಯನ್ನು ಅವಳಿಗೆ ಕೊಟ್ಟರು.

"ನೀನಿಡಮ್ಮ. ಇವಳ ಕೈಗೆ ಕೊಟ್ರೆ ಮತ್ತೆ ಟ್ರಂಕಿಗೆ ಹಾಕ್ತಾಳೆ."