ಟ್ಯಾಂಕಿಗೆ ಹಾಕಿದ ಬೀಗ

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಆಮೇಲೆ ಕಲಿತದ್ದೆಲ್ಲ ಗಾಡಿಗಳ ಕೆಳಗೆ ಮಲಗಿ. ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಗ್ಯಾರೇಜು ಇದೆ, ಜೊತೆಗೊಂದು ಡೀಸೆಲ್ ಗೂಡ್ಸ್ ಗಾಡಿ. ಅದನ್ನು ಓಡಿಸುತ್ತಿದ್ದವನು ನನ್ನ ತಮ್ಮ. ಕಾರ್ಖಾನೆಗಳ ಮಾಲು ತುಂಬಿಕೊಂಡು ವೈಟ್‌ಫೀಲ್ಡ್ ಕಡೆ ಹೋಗಿ ಬರುತ್ತಿದ್ದ.

ಒಮ್ಮೆ ಗಾಡಿ ಹೆಚ್ಚು ಡೀಸೆಲ್ ಕುಡಿಯತೊಡಗಿತು. ರಸ್ತೆ ಅಗೆದಿದ್ದಾರೆ, ಸುತ್ತು ಹಾಕಿ ಹೋಗಬೇಕು ಎಂದ ತಮ್ಮ. ಇರಬಹುದು ಎಂದೆ. ಆದರೆ ದಾರಿಯಲ್ಲಿ ತೆಗೆದು ಮಾರುತ್ತಿದ್ದಾನೆ ಎಂಬ ಅನುಮಾನ ತಲೆಗೆ ಹೊಕ್ಕಿತ್ತು. ಅವನು ಹೊಸ ಚಪ್ಪಲಿ ಹಾಕಿಕೊಂಡು ಬಂದರೂ ನನಗೆ ಅದರಲ್ಲಿ ಡೀಸೆಲ್ ವಾಸನೆ ಬರುತ್ತಿತ್ತು.

ಬೀಗವಿರುವ ಮುಚ್ಚಳ ತರಲೆಂದು ಟ್ಯಾಂಕಿನ ಹಳೆಯ ಮುಚ್ಚಳವನ್ನು ಅಳತೆಗೆ ಒಯ್ದೆ. ದೂಳು ಬೀಳದಿರಲೆಂದು, ಕೈ ಒರೆಸುವ ಬನಿಯನ್ ಬಟ್ಟೆಯನ್ನು ಟ್ಯಾಂಕಿನ ಬಾಯಿಗೆ ತುರುಕಿದ್ದೆ. ತೆರೆದ ಪೈಪಿಗಾಗಲಿ ಟ್ಯಾಂಕಿಗಾಗಲಿ ನಾವು ಮಾಡುವುದೇ ಹಾಗೆ. ಮರಳಿ ಬಂದಾಗ ಬಟ್ಟೆ ಇರಲಿಲ್ಲ. ಎಲ್ಲೋ ಬಿದ್ದಿರಬೇಕೆಂದು ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದೆ.

ಪಕ್ಕದ ಲೇತ್ ಶಾಪಿನವನು ನಕ್ಕ. "ಏನ್ ಗುರು, ಬೀಗ ಟ್ಯಾಂಕಿಗೋ ತಮ್ಮಂಗೋ?"

ತಮ್ಮನೂ ನಕ್ಕ. ಅಂದಿನಿಂದ ಬಂಕಿಗೆ ಹೋಗುವಾಗೆಲ್ಲ "ಬಾಪ್ಪಾ ಓನರ್ರು" ಎಂದು ನನ್ನನ್ನೂ ಹತ್ತಿಸಿಕೊಳ್ಳುತ್ತಿದ್ದ.

ಸ್ವಲ್ಪ ದಿನಕ್ಕೇ ಹೊಸ ತೊಂದರೆ ಶುರುವಾಯಿತು. ಲೋಡ್ ಹಾಕಿ ಏರು ಹತ್ತಿದರೆ ಗಾಡಿ ಎಳೆಯದೆ ಆಫ್ ಆಗುತ್ತಿತ್ತು. ಒಂದಿಷ್ಟು ಹೊತ್ತು ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತಿತ್ತು. ಫಿಲ್ಟರ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಡೀಸೆಲ್ ಎಷ್ಟು ಒತ್ತಡದಲ್ಲಿ ಬರುತ್ತಿದೆ ಎಂದು ನೋಡಲು ಪ್ರೆಶರ್ ಗೇಜು ಕಟ್ಟಿದೆ. ನಿಂತಲ್ಲಿ ಮುಳ್ಳು ಸರಿಯಾಗಿಯೇ ಇತ್ತು. ಗೇಜನ್ನು ಉದ್ದ ಪೈಪಿನಲ್ಲಿ ಕ್ಯಾಬಿನ್ನಿಗೆ ತಂದು, ತಮ್ಮನಿಗೆ ಓಡಿಸಲು ಹೇಳಿ ಪಕ್ಕದಲ್ಲಿ ಕುಳಿತೆ. ಜಾಲಹಳ್ಳಿ ಕಡೆಯ ಏರಿನಲ್ಲಿ ಮುಳ್ಳು ಕುಸಿಯಿತು. ನಾನು ಮುಳ್ಳಿಗಿಂತ ಅವನ ಮುಖವನ್ನೇ ಹೆಚ್ಚು ನೋಡಿದ್ದೆ.

ಆಮೇಲೆ ಟ್ಯಾಂಕಿನ ಪೈಪ್ ಕಳಚಿ, ಕ್ಯಾನಿನಿಂದ ಹೊಸ ಡೀಸೆಲ್ ಕೊಟ್ಟು ಅದೇ ಏರು ಹತ್ತಿಸಿದೆ. ಗಾಡಿ ಸಲೀಸಾಗಿ ಹತ್ತಿತು. ಅಂದರೆ ಪಂಪು ಸರಿಯಿದೆ, ತೊಂದರೆ ಟ್ಯಾಂಕಿನದು. ಡೀಸೆಲ್ ಕೆಟ್ಟಿರಬೇಕು, ಇಲ್ಲವೇ ಅದು ಬರುವ ದಾರಿ ಕಟ್ಟಿರಬೇಕು. ಗಿರಾಕಿಯ ಗಾಡಿಯಾಗಿದ್ದರೆ ಮೊದಲು ಟ್ಯಾಂಕ್ ಇಳಿಸಿ ನೋಡುತ್ತಿದ್ದೆ. ಇಲ್ಲಿ ತಮ್ಮನ ಕಡೆ ತಿರುಗಿದೆ.

"ಏನೋ ಬೆರೆಸಿದ್ದೀಯಾ?"

"ಕೀಲಿ ನಿನ್ ಜೇಬಲ್ಲೇ ಐತಲ್ಲಣ್ಣ."

"ಕೆಳಗಿಂದ ಪೈಪ್ ಬಿಚ್ಚೋಕೆ ಕೀಲಿ ಯಾಕೆ? ತೆಗೆದಷ್ಟಕ್ಕೆ ಆ ಪೈಪಿಂದ್ಲೇ ಸೀಮೆಎಣ್ಣೆ ತುಂಬಿಸ್ಬಿಟ್ಟೆ, ಅಲ್ವಾ?"

ಲೇತ್ ಸದ್ದು ನಿಂತಿತು. ಎಲ್ಲರಿಗೂ ಕೇಳಿಸಿತ್ತು. ತಮ್ಮ ಗಾಡಿಯ ಕೀಯನ್ನು ಸ್ಪ್ಯಾನರುಗಳ ಮಧ್ಯೆ ಹಾಕಿದ. "ನೀನೇ ಓಡಿಸ್ಕೋ. ನನ್ ಕೈಲಿ ಆಗಲ್ಲ" ಎಂದು ಹೊರಟುಹೋದ.

ಮರುದಿನ ಬೆಳಿಗ್ಗೆ, ಕಳ್ಳತನಕ್ಕೆ ಸಾಕ್ಷಿ ಹುಡುಕಲೆಂದೇ ಟ್ಯಾಂಕ್ ಇಳಿಸಿದೆ. ಡೀಸೆಲ್ಲಿನ ಬಣ್ಣ, ವಾಸನೆ ಎಲ್ಲ ಚೆನ್ನಾಗಿಯೇ ಇತ್ತು. ಒಳಗೆ ಕೊಕ್ಕೆ ತಂತಿ ಬಿಟ್ಟು ಎಳೆದಾಗ ಬನಿಯನ್ ಬಟ್ಟೆ ಬಂತು. ಎಂಜಿನ್ ಜೋರಾಗಿ ಎಳೆದಾಗ ಅದು ಡೀಸೆಲ್ ಹೀರುವ ಪೈಪಿನ ಬಾಯಿಗೆ ಅಂಟುತ್ತಿತ್ತು, ಆಫ್ ಆದಾಗ ಬಿಟ್ಟುಕೊಳ್ಳುತ್ತಿತ್ತು. ಬೀಗ ತರಲು ಹೋಗದಿದ್ದರೆ ಅದು ಒಳಗೆ ಬೀಳುತ್ತಲೇ ಇರಲಿಲ್ಲ.

ಅವನನ್ನು ಕರೆದು ತೋರಿಸಬೇಕಿತ್ತು. ಲೇತ್ ಶಾಪಿನವನು ಬಾಗಿಲು ತೆಗೆಯುವ ಮುಂಚೆ ಬಟ್ಟೆಯನ್ನು ಸುಟ್ಟುಬಿಟ್ಟೆ.

ಆ ವಾರವೇ ಕ್ಯಾಬಿನ್ನಿನಲ್ಲಿ ಬಿಟ್ಟಿದ್ದ ಜರ್ಕಿನ್ ಒಯ್ಯಲು ತಮ್ಮ ಬಂದ. "ಏನಾಗಿತ್ತು ಗಾಡಿಗೆ?"

"ಪಂಪ್ ಹೋಗಿತ್ತು ಕಣೋ. ಹೊಸದು ಹಾಕ್ದೆ."

ಅವನು ಬಗ್ಗಿ ನೋಡಿದ. ಜಿಡ್ಡು ಹಿಡಿದ ಅದೇ ಹಳೆಯ ಪಂಪಿನ ಮೇಲೆ ಬೆರಳಾಡಿಸಿದ. ಎದ್ದು, ಬೆಂಚಿನ ಮೇಲಿದ್ದ ಬನಿಯನ್ ಬಟ್ಟೆಗೆ ಬೆರಳು ಒರೆಸಿಕೊಂಡು, "ಚೆನ್ನಾಗೈತಣ್ಣ, ಹೊಸ ಪಂಪು" ಎಂದ. ಆಗಲಾದರೂ ಹೇಳಬಹುದಿತ್ತು. ನಾನು ಟೀ ಬೇಕಾ ಎಂದು ಕೇಳಿದೆ. ಬೇಡ ಎಂದ.

ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಯಾವುದೋ ಕಂಪನಿಗೆ ಕ್ಯಾಬ್ ಓಡಿಸುತ್ತಾನೆ. ಹಬ್ಬಕ್ಕೆ ಕರೆದರೆ ಡ್ಯೂಟಿ ಇದೆ ಎನ್ನುತ್ತಾನೆ. ಫೋನ್ ಇಟ್ಟ ಮೇಲೆ, ನಿಜವಾಗಿ ಡ್ಯೂಟಿ ಇದೆಯೋ ಇಲ್ಲವೋ ಎಂದು ಈಗಲೂ ಅನುಮಾನಿಸುತ್ತೇನೆ.