ಧೂಪದ ಮರಕ್ಕೆ ಮೊದಲ ಏಟು

ನಾಗನಿಗೆ ತಂಪಾಗಬೇಕು, ಅದಕ್ಕಾಗಿ ಬನದ ಮರಗಳನ್ನು ಕಡಿಯಬೇಕು ಎಂಬ ಘನ ನಿರ್ಣಯವನ್ನು ನಮ್ಮ ಕುಟುಂಬವು ಮಣ್ಣಗುಡ್ಡದಲ್ಲಿ, ಅಣ್ಣನ ಮನೆಯ ಎ.ಸಿ. ಕೋಣೆಯಲ್ಲಿ ಕುಳಿತು ಕೈಗೊಂಡಿತು. ಜೀರ್ಣೋದ್ಧಾರ ಎಂದು ಅದಕ್ಕೆ ಹೆಸರು. ಕುಲಶೇಖರದಲ್ಲಿರುವ ನಮ್ಮ ನಾಗಬನದಲ್ಲಿ ಜೀರ್ಣವಾದದ್ದು ಏನೂ ಇರಲಿಲ್ಲ. ನಾಲ್ಕಾರು ನಾಗನ ಕಲ್ಲು, ಸುತ್ತ ಕೆಲವೇ ಸೆಂಟ್ಸ್ ಕಾಡು, ಅಷ್ಟೆ. ಅಕ್ಕಪಕ್ಕದ ಗುಡ್ಡವೆಲ್ಲ ಫ್ಲ್ಯಾಟ್ ಆದ ಮೇಲೂ ಒಂದು ದೊಡ್ಡ ಧೂಪದ ಮರ, ಹೊನ್ನೆ, ರೆಂಜೆ, ಇವನ್ನೆಲ್ಲ ಹೆಣೆದುಕೊಂಡ ಬೆತ್ತದ ಪೊದೆ ಅಲ್ಲಿ ಹೇಗೋ ಉಳಿದಿದ್ದವು. ಮಳೆಕಾಡು ಒಂದಾನೊಂದು ಕಾಲದಲ್ಲಿ ಇಲ್ಲಿಯವರೆಗೂ ಇತ್ತು ಎನ್ನುವುದಕ್ಕೆ ನಮ್ಮ ಕಡೆ ಅದೊಂದೇ ಸಾಕ್ಷಿ.

ಉಳಿದದ್ದಕ್ಕೆ ಕಾರಣ ಹಳೆಯ ಕಟ್ಟಳೆ. ಬನದೊಳಗೆ ಕತ್ತಿ ಒಯ್ಯುವಂತಿಲ್ಲ. ಬಿದ್ದ ರೆಂಜೆ ಹೂವನ್ನು ಹೆಕ್ಕಬಹುದು, ಧೂಪದ ಮರ ತಾನಾಗಿ ಒಸರಿದ ಅಂಟನ್ನು ತಂದು ಸಂಜೆ ಕೆಂಡಕ್ಕೆ ಹಾಕಬಹುದು. ಅದಕ್ಕಿಂತ ಹೆಚ್ಚು ಆಸೆ ಪಡಬಾರದು.

ಅಣ್ಣ ಹೋಟೆಲು ನಡೆಸುವವನು, ಕುಟುಂಬದ ಯಜಮಾನ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು, ಕುಟುಂಬದ ಅಧಿಕೃತ ನಾಸ್ತಿಕ. ಗ್ರಾನೈಟಿನ ಕಟ್ಟೆ, ಸುತ್ತ ನೆಲಕ್ಕೆ ಇಂಟರ್‌ಲಾಕ್ ಕಲ್ಲು, ಸ್ಟೀಲಿನ ಕಂಬಿ ಎಂದು ಅಣ್ಣ ವಿವರಿಸುತ್ತಾ ಹೋದ.

“ಮರ ಕಡಿದ್ರೆ ನೆರಳಿಗೆ ಎಂತ ಮಾಡುದು?” ಎಂದೆ.

“ನೆಟ್ ಹಾಕುದು ಮಾರಾಯ. ಹಸಿರು ನೆಟ್. ಈಗ ಎಲ್ಲ ಕಡೆ ಅದೇ.”

“ಮರವೂ ಹಸಿರೇ ಅಲ್ವಾ ಅಣ್ಣ?”

“ನೆಟ್ಟಿನಿಂದ ಎಲೆ ಉದುರುದಿಲ್ಲ.”

ನಾನು ಎದ್ದು ನಿಂತು ಅಂತರ್ಜಲದಿಂದ ಆರಂಭಿಸಿದೆ. ಆ ಇಳಿಜಾರಿನ ಮಣ್ಣನ್ನು ಹಿಡಿದಿಟ್ಟ ಬೇರುಗಳ ಬಗ್ಗೆ, ಹಣ್ಣು ತಿನ್ನಲು ಬರುವ ಮಂಗಟ್ಟೆ ಹಕ್ಕಿಯ ಬಗ್ಗೆ, ಇಂಥ ತುಂಡು ಕಾಡುಗಳು ಬೀಜದ ಉಗ್ರಾಣ ಎಂಬುದರ ಬಗ್ಗೆ ಹೇಳಿದೆ. ಹಿಂದಿನ ಬೆಂಚಿನ ಮಕ್ಕಳೂ ಇದಕ್ಕಿಂತ ಹೆಚ್ಚು ಗಮನ ಕೊಡುತ್ತಿದ್ದರು. ಅಕ್ಕ ಕೊನೆಗೆ ಕೈ ಎತ್ತಿ ತಡೆದಳು.

“ಕಾಡು ನೋಡ್ಬೇಕಾದ್ರೆ ಚಾರ್ಮಾಡಿಗೆ ಹೋಗು. ಇದು ಕುಲಶೇಖರ. ನಾಗನಿಗೆ ಹಾಲೆರೆಯುವ ದಿನ ನನ್ನ ಸೀರೆ ಬೆತ್ತದ ಮುಳ್ಳಿಗೆ ಸಿಕ್ಕಿ ಹರಿದದ್ದು ನಿನ್ನ ಕಣ್ಣಿಗೆ ಬೀಳುದಿಲ್ಲ. ಮಂಗಟ್ಟೆ ಬೀಳ್ತದೆ!”

ಬನದಲ್ಲಿ ಪ್ರಾರ್ಥನೆ ಮಾಡಿ ನಾಗನ ಅನುಮತಿಯನ್ನೂ ಕೇಳಲಾಯಿತು. ನಾಗ ಏನೂ ಹೇಳಲಿಲ್ಲ. ನಮ್ಮ ಕುಟುಂಬದಲ್ಲಿ ಮೌನವೆಂದರೆ ಒಪ್ಪಿಗೆ.

ಕಡಿಯುವ ದಿನ ಬಂತು. ಮಿಷನ್ ಗರಗಸದವರು ಟೆಂಪೋದಿಂದ ಇಳಿದರು. ಆಗ ಒಬ್ಬ ಸೋದರಳಿಯನಿಗೆ ಇನ್ನೊಂದು ಕಟ್ಟಳೆ ನೆನಪಾಯಿತು. ಬನದ ಮರಕ್ಕೆ ಮೊದಲ ಏಟನ್ನು ಕುಟುಂಬದವರೇ ಹಾಕಬೇಕು, ದೋಷವಿದ್ದರೆ ಹಾಕಿದವನಿಗೇ. ಕೊಡಲಿ ಕೈಯಿಂದ ಕೈಗೆ ಪ್ರವಾಸ ಹೊರಟಿತು. ಅಣ್ಣನಿಗೆ ಶುಗರ್. ಸೋದರಳಿಯನ ಹೆಂಡತಿ ಬಸುರಿ. ಇನ್ನೊಬ್ಬನ ಮಗಳ ಮದುವೆ ನಿಶ್ಚಯವಾಗಿದೆ. ಮರ ಕಡಿಯಲೇಬೇಕೆಂದು ಮೇಜು ಗುದ್ದಿದವರೆಲ್ಲ ಒಂದೊಂದೇ ಹೆಜ್ಜೆ ಹಿಂದೆ ಸರಿದು ಕಾರುಗಳ ಹತ್ತಿರ ತಲುಪಿದರು.

“ಇವನು ಹಾಕಲಿ,” ಎಂದು ಅಣ್ಣ ಕೊಡಲಿಯನ್ನು ನನ್ನ ಕೈಗೆ ಕೊಟ್ಟ. “ಇವನಿಗೆ ದೇವರೂ ಇಲ್ಲ, ದೋಷವೂ ಇಲ್ಲ.”

ನನ್ನ ನಾಸ್ತಿಕತೆ ಕುಟುಂಬದ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಕಾಡಿಗಾಗಿ ಒಲ್ಲೆ ಎಂದರೆ ಮತ್ತೆ ಪಾಠ ಶುರುವಾಯಿತು ಎಂದು ನಗುತ್ತಾರೆ, ಬೇರೊಬ್ಬನನ್ನು ಹುಡುಕುತ್ತಾರೆ. ಧೂಪದ ಮರದ ಬುಡದಲ್ಲಿ ನಿಂತು ಮೇಲೆ ನೋಡಿದೆ. ತುದಿ ಕಾಣುತ್ತಿರಲಿಲ್ಲ. ನಾನು ಕೊಡಲಿಯನ್ನು ನೆಲಕ್ಕಿಟ್ಟೆ.

“ಅಣ್ಣ, ನನಗೆ ಹೆದರಿಕೆ ಆಗ್ತಾ ಉಂಟು.”

ಅಕ್ಕ ಎದೆಗೆ ಕೈ ಇಟ್ಟುಕೊಂಡಳು. “ಅಯ್ಯೋ, ಇವನಿಗೇ ಹೆದರಿಕೆ ಅಂತಾದ್ರೆ ಅಲ್ಲಿ ಎಂತದೋ ಉಂಟು! ಬೇಡ ಅಣ್ಣ, ಮಿಷನ್ ವಾಪಸ್ ಕಳಿಸಿ.”

ಟೆಂಪೋ ಹೋಯಿತು. ಅಂತರ್ಜಲ, ಬೇರು, ಮಂಗಟ್ಟೆ ಯಾವುದೂ ಸಾಧಿಸದ್ದನ್ನು ಒಬ್ಬ ವಿಜ್ಞಾನ ಮಾಸ್ತರನ ಸುಳ್ಳು ಹೆದರಿಕೆ ಒಂದೇ ಮಾತಿನಲ್ಲಿ ಸಾಧಿಸಿತು. ಇದರಲ್ಲಿ ಹೆಮ್ಮೆ ಪಡುವಂಥದ್ದೇನೂ ನನಗೆ ಕಾಣುವುದಿಲ್ಲ. ಇಂಟರ್‌ಲಾಕ್ ಬನದ ಅಂಚಿನವರೆಗೆ ಬಂದು ನಿಂತಿತು. ತಂದಾಗಿದ್ದ ನೆಟ್ಟನ್ನು ಕಾರು ನಿಲ್ಲಿಸುವ ಜಾಗದ ಮೇಲೆ ಕಟ್ಟಿದರು. ನಾಗನಿಗಲ್ಲದಿದ್ದರೂ ಕಾರುಗಳಿಗೆ ತಂಪಾಯಿತು.

ಈ ಮಳೆಗಾಲದ ಆರಂಭದಲ್ಲಿ ಅಕ್ಕ ಕಸ ಗುಡಿಸಲೆಂದು ಹಿಡಿಸೂಡಿ ಹಿಡಿದು ಬನಕ್ಕೆ ಬಂದಳು. ಕೊಳೆತ ಎಲೆಗಳ ನಡುವೆ ಧೂಪದ ಬೀಜಗಳು ಮೊಳಕೆಯೊಡೆದಿದ್ದವು.

“ಗುಡಿಸಬೇಡ ಅಕ್ಕ, ದೋಷ ಉಂಟು.”

“ಯಾರು ಹೇಳಿದ್ದು?”

“ಹಿರಿಯರು.” ಅವಳಿಗಿಂತ ನಾನು ಚಿಕ್ಕವನು ಎಂಬುದು ಆ ಕ್ಷಣಕ್ಕೆ ಇಬ್ಬರಿಗೂ ಮರೆತಿತ್ತು.

ಅವಳು ಹಿಡಿಸೂಡಿ ಕೆಳಗಿಟ್ಟಳು. “ಮತ್ತೆ ಈ ಮೊಳಕೆ ತುಳಿದ್ರೆ?”

“ಅದು ಇನ್ನೂ ದೊಡ್ಡ ದೋಷ.”

ಅಕ್ಕ ಸೀರೆಯನ್ನು ಎತ್ತಿ ಹಿಡಿದು, ಒಂದೊಂದು ಮೊಳಕೆಯನ್ನೂ ನೋಡಿಕೊಂಡು, ತುದಿಗಾಲಲ್ಲಿ ಇಂಟರ್‌ಲಾಕಿನ ಕಡೆಗೆ ನಡೆದಳು.