ಬಾಣಂತಿಯ ಮುಖ ನೋಡುವ ಅಮರಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕುಕನೂರು ಸಮೀಪದ ಹಳ್ಳಿಯ ಅಂಗಳವೊಂದರಲ್ಲಿ ನೀರೊಲೆಯ ಹೊಗೆ ಎದ್ದಿದೆ. ಆಶಾ ಕಾರ್ಯಕರ್ತೆ ಅಮರಮ್ಮ ಗುಲಾಬಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

“ಬಾ ಯವ್ವಾ, ಕೂಸು ಛಲೋ ಐತಿ” ಎನ್ನುತ್ತಾಳೆ ಮನೆಯ ಅಜ್ಜಿ.

“ಕೂಸಿಂದು ಆಮ್ಯಾಲ ಹೇಳಂತಿ. ಹಡದಾಕಿ ಹೆಂಗ ಅದಾಳ?”

“ಆಕಿಗೇನಾಗೇತಿ? ಉಂಡು ಮಲಗ್ಯಾಳ.”

ಅಮರಮ್ಮ ಹಣೆ ಚಚ್ಚಿಕೊಳ್ಳುತ್ತಾರೆ. “ಎಲ್ಲಾ ಮನ್ಯಾಗೂ ಇದ ಉತ್ತರ ನೋಡ್ರಿ. ಆಕಳ ಈದ್ರ ಮೇವು ತಿಂತೋ ಇಲ್ಲೋ ಅಂತ ಹತ್ತ ಸಲ ನೋಡ್ತಾರ. ಸೊಸಿ ಹಡದ್ರ ಆಕಿ ಮಾರಿ ಯಾರೂ ನೋಡೂದಿಲ್ಲ.”

ಶ್ರೀರಾಮನಗರದ ಕಾಲುವೆ ನೀರಿನಲ್ಲಿ ಭತ್ತ ನಾಟಿ ಮಾಡುತ್ತ ಬೆಳೆದ ಅಮರಮ್ಮ, ಕುರಿ ಸಾಕುವ ಹುಲಿಗೆಪ್ಪನನ್ನು ಮದುವೆಯಾಗಿ ಈ ಒಣ ಸೀಮೆಗೆ ಬಂದರು. ಗರ್ಭಿಣಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಲಸಿಕೆ, ಕೂಸಿನ ತೂಕ: ಇದೇ ಅವರ ನಿತ್ಯದ ಕೆಲಸ. ಬಾಣಂತಿಯ ಮನಸ್ಸೂ ಕಾಯಿಲೆ ಬೀಳುತ್ತದೆ ಎಂಬುದನ್ನು ಅವರು ಕೇಳಿದ್ದು ಕೊಪ್ಪಳದ ತರಬೇತಿಯೊಂದರಲ್ಲಿ, ನರ್ಸ್ ರಜಿಯಾಬೇಗಂ ಅವರಿಂದ.

“ಮೊದಲಿನ ವರ್ಷಗಳಾಗ ಕೂಸಿನ ಮಿದುಳು ಭಾಳ ಜೋರ್ ಬೆಳೀತೈತಿ” ಎಂದು ವಿವರಿಸುತ್ತಾರೆ ರಜಿಯಾಬೇಗಂ. “ಕೂಸು ನಕ್ಕಾಗ ಎದುರಿನವರು ನಗಬೇಕು, ಊಂ ಅಂದಾಗ ಊಂ ಅನಬೇಕು. ಅದರಿಂದನ ಮಿದುಳು ಹುರುಪಿಲೆ ಬೆಳೀತೈತಿ. ತಾಯಿಗೆ ಖಿನ್ನತೆ ಆಗಿ, ಯಾರೂ ಕೇಳದಂಗ ಬಿಟ್ರ ಕೂಸಿನ ಮಾತು, ಕಲಿಕಿ ಹಿಂದ ಬೀಳಬಹುದು. ಎಲ್ಲಾರಿಗೂ ಹಂಗ ಆಗ್ತೈತಿ ಅಂತಲ್ಲ. ತಾಯಿ ತಪ್ಪಂತೂ ಅಲ್ಲವೇ ಅಲ್ಲ. ಜ್ವರದಂಗ ಅದೂ ಒಂದು ಬ್ಯಾನಿ, ಔಷಧ ಐತಿ.”

ಇಷ್ಟನ್ನು ಊರಿಗೆ ತಿಳಿಸುವಷ್ಟರಲ್ಲಿ ಅಮರಮ್ಮನ ಗಂಟಲು ಒಣಗುತ್ತದೆ. ಕಳೆದ ವರ್ಷದ ಕವಿತಾಳ ಸಂಗತಿಯನ್ನೇ ಕೇಳಿ. ಚೊಚ್ಚಲ ಹೆರಿಗೆ ಮುಗಿಸಿ, ಮೂರು ತಿಂಗಳ ಮಗಳು ಅಮೃತಾಳೊಂದಿಗೆ ಆಕೆ ತವರಿನಿಂದ ಗಂಡನ ಮನೆಗೆ ಬಂದಿದ್ದಳು. ಬಾಣಂತಿ ತಿನ್ನಲೆಂದು ತವರಿನವರು ಕೊಟ್ಟ ಅಂಟಿನುಂಡಿ ಡಬ್ಬಿಯಲ್ಲಿ ಹಾಗೇ ಇತ್ತು. ಅಮರಮ್ಮ ಬಗ್ಗಿ ನಕ್ಕರೆ ಕೂಸು ಒಮ್ಮೆ ನೋಡಿ ಮುಖ ತಿರುಗಿಸಿತು. ತಾಯಿ ಗೋಡೆ ನೋಡುತ್ತ ಕುಳಿತಿದ್ದಳು.

“ಸೊಕ್ಕು. ತವರಾಗ ಮೆರೆಸಿ ಕಳಿಸ್ಯಾರ” ಎಂದಳು ಅತ್ತೆ ಕಳಕಮ್ಮ.

ಅತ್ತೆ ಹೊರಗೆ ಹೋದ ಮೇಲೆ ಕವಿತಾ ಪಿಸುಗುಟ್ಟಿದಳು: “ಕೂಸಿನ್ನ ಎತ್ತಿಕೊಂಡ್ರ ಕೈ ಬಿಟ್ಟುಬಿಡ್ತೀನೇನೋ ಅಂತ ಅಂಜಿಕಿ ಅಕ್ಕಾರ.”

ಅಮರಮ್ಮ ತಕ್ಷಣ ಹೊರಗೆ ಬಂದು ಕಳಕಮ್ಮನನ್ನು ತಡೆದರು. ಬಾಣಂತಿಯನ್ನು ಒಬ್ಬಳನ್ನೇ ಬಿಡಬೇಡಿ, ನಾಳೆಯೇ ಕೊಪ್ಪಳದ ಆಸ್ಪತ್ರೆಗೆ ನಡೆಯಿರಿ ಎಂದರು.

ಕಳಕಮ್ಮ ರೇಗಿದಳು. “ನನ್ನ ಸೊಸಿಗೆ ಹುಚ್ಚು ಅಂತೀಯೇನ? ಗಾಳಿ ಸೋಕೇತಿ, ತಾಯತ ಕಟ್ಟಿಸ್ತೀನಿ.”

“ತಾಯತಾನೂ ಕಟ್ಟಸು, ಆಸ್ಪತ್ರಿಗೂ ಕಳಸು. ಆಸ್ಪತ್ರಿಗೆ ಹೋಗಬ್ಯಾಡ ಅಂತ ತಾಯತ ಏನರ ಹೇಳ್ತೈತೇನ?”

ಬೆಳಗಾದರೆ ಕವಿತಾಳ ಗಂಡ ತಿರುಮಲೇಶ, ಬಾಡಿಗೆ ಐತಿ ಎಂದು ಟ್ರ್ಯಾಕ್ಟರ್ ಹತ್ತಿದ್ದ. ಅಮರಮ್ಮ ಎದುರಿಗೆ ಹೋಗಿ ನಿಂತರು. “ಟ್ರ್ಯಾಕ್ಟರ್ ಬ್ಯಾಟರಿ ಕುಂತ್ರ ಊರೆಲ್ಲಾ ತಿರುಗ್ತಿ. ಹೆಂಡ್ತಿ ಕುಂತಲ್ಲೇ ಕುಂತಾಳ, ಅದು ಕಾಣವಲ್ದೇನೋ ನಿನಗ?” ಓಣಿಯವರೆಲ್ಲ ನೋಡುತ್ತಿದ್ದರು. ಆತ ಇಳಿದ.

ಕೊಪ್ಪಳದಲ್ಲಿ ವೈದ್ಯರು ಮಾತನಾಡಿಸಿ ಔಷಧ ಬರೆದುಕೊಟ್ಟರು. ಕೆಲವು ವಾರಗಳಲ್ಲಿ ಕವಿತಾ ಹೊಟ್ಟೆ ತುಂಬ ಉಣ್ಣತೊಡಗಿದಳು. ಉಂಡಳೆಂದು ತಿರುಮಲೇಶ ಗುಳಿಗೆ ತರುವುದನ್ನೇ ಬಿಟ್ಟ! ಕವಿತಾ ಮತ್ತೆ ಮೂಲೆ ಹಿಡಿದಳು, ಅಮರಮ್ಮ ಮತ್ತೆ ಹೋಗಿ ಜಗಳ ತೆಗೆದು ಕೊಪ್ಪಳಕ್ಕೆ ಕಳಿಸಿದರು. “ಅದನ್ನ ನೆನಸಿದ್ರ ಈಗೂ ಮೈ ಉರೀತೈತ್ರಿ” ಎನ್ನುತ್ತಾರೆ.

ಕವಿತಾ ಚೇತರಿಸಿಕೊಳ್ಳುವತನಕ ಕೂಸನ್ನು ಯಾರು ಮಾತನಾಡಿಸಬೇಕು? ಕಳಕಮ್ಮನೇ. “ಅದಕ್ಕೇನ್ ತಿಳೀತೈತಿ? ಏನಂತ ಮಾತಾಡ್ಲಿ?” ಎಂದು ಆಕೆ ಮೂಗು ಮುರಿದಾಗ ಅಮರಮ್ಮ ಹೇಳಿದರು: “ನನಗ ಬೈತಿಯಲ್ಲ, ಅದನ್ನ ಕೂಸಿನ ಮುಂದ ಹೇಳು. ಆದ್ರ ನಕ್ಕೋತ ಹೇಳು.”

ಕಳಕಮ್ಮ ಹಾಗೇ ಮಾಡಿದಳು. “ನೋಡ ಯವ್ವಾ, ಬಂದ್ಲು ಜಗಳಗಂಟಿ” ಎಂದು ದಿನವೂ ತೊಡೆಯ ಮೇಲೆ ಆಡಿಸಿದಳು. ಒಂದು ಮುಂಜಾನೆ ಅಮೃತಾ ಕೇಕೆ ಹಾಕಿ ನಕ್ಕಳು. ಒಲೆಯ ಮುಂದಿದ್ದ ಕವಿತಾ ಎದ್ದು ಬಂದು ಮಗಳನ್ನು ತಾನೇ ಎತ್ತಿಕೊಂಡಳು. ಕಳಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡದ್ದನ್ನು ಅಮರಮ್ಮ ಕಂಡೂ ಕಾಣದಂತೆ ಹೊರಟರು.

ಅಮೃತಾ ಈಗ ‘ಅವ್ವ’ ಎನ್ನುತ್ತಾಳೆ. ಅವಳನ್ನು ಕಂಕುಳಲ್ಲಿಟ್ಟುಕೊಂಡು ಕವಿತಾ ಮೊನ್ನೆ ಅಮರಮ್ಮನ ಮನೆಗೆ ಬಂದಿದ್ದಳು. “ನಮ್ಮ ಓಣ್ಯಾಗ ಒಬ್ಬಾಕಿ ಹಡದಾಳ್ರಿ ಅಕ್ಕಾರ, ಯಾರ ಸಂಗಾಟಾನೂ ಮಾತಾಡವಲ್ಲಳು. ನಾ ಹೋಗಿ ಬಾಜೂಕ ಕುಂತಿದ್ದೆ. ಆಕಿ ಗಂಡಗ ನಾಕ ಮಾತ ಬೈದೂ ಬಂದೀನಿ.”

ಕವಿತಾಳ ಈ ಮಾತನ್ನು ತಿರುಗಿ ಹೇಳುವಾಗ ಅಮರಮ್ಮನ ಸಿಡುಕು ಮೊದಲ ಸಲ ಸಡಿಲಾಗುತ್ತದೆ. “ಇಷ್ಟ ವರ್ಷ ನಾ ಒಬ್ಬಾಕಿನ ಒದರ್ತಿದ್ದೆ. ಈಗ ಇಬ್ಬರಾದಿವಿ ನೋಡ್ರಿ.”